ಮೂರು ಹಸಿರೆಲೆಯ ಪಾಯಖಾನೆ

"ಹಲ್ಕಟ್ ರಂಡೆ, ನಿನ್ನ ಅಪ್ಪನ ಮನೆ ಹಿತ್ಲೇನೆ ಅದು? ಬಾಗ್ಲಿಂದ ಕೈ ತೆಗಿ."

ಸುಬ್ಬಿ ಪಾಯಖಾನೆಯ ಅಗಳಿಯಿಂದ ಕೈ ತೆಗೆದಳು. ತಲೆಯ ಮೇಲೆ ಬೂದಿಯ ಬುಟ್ಟಿ ಇದ್ದದ್ದು ಪುಣ್ಯ. ಬೂದಿ ಇಡಲು ಬಂದೆ ಎಂದಳು. ಉಲ್ಲಾಸ ನಂಬಲಿಲ್ಲ. ಬುಟ್ಟಿ ಹೊರಗೇ ಇರಲಿ, ನಾಳೆ ಪರೀಕ್ಷೆಯ ಮೇಡಂ ಕಾಲಿಡುವ ತನಕ ಒಳಗೆ ಸೊಳ್ಳೆಯೂ ಕೂರಬಾರದು ಎಂದು ಬೆರಳೆತ್ತಿ ಹೇಳಿ ಹೋದ. ಸುಬ್ಬಿ ಕಿಬ್ಬೊಟ್ಟೆ ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. ಸಂಜೆಯ ದೋಣಿಗೆ ಇನ್ನೂ ನಾಲ್ಕು ತಾಸು.

ಯಲ್ಲಾಪುರದ ಆಚೆ, ಹಿನ್ನೀರಿನಲ್ಲಿರುವ ಆ ನಡುಗಡ್ಡೆ ಏಳು ಸಮುದ್ರದಾಚೆಯ ರಾಜಕುಮಾರಿಯದ್ದೇನಲ್ಲ. ಒಂದು ಕವಳ ಜಗಿದು ಉಗಿಯುವಷ್ಟರಲ್ಲಿ ಸುತ್ತಿ ಬರಬಹುದು. ಮೇಲೆ ಪ್ರವಾಸಿಗರಿಗೆ ಎಂಟು ಡೇರೆ, ಒಂದು ಅಡುಗೆ ಚಪ್ಪರ, ಇಷ್ಟಕ್ಕೆಲ್ಲ ಅರಸ ಉಲ್ಲಾಸ. ಅವನ ಅಪ್ಪನನ್ನು ಆಳುಗಳು ಒಡೆಯಾ ಎನ್ನುತ್ತಿದ್ದರು. ಪೇಟೆಯ ಅತಿಥಿಗಳ ಕಿವಿಗೆ ಅದು ಒರಟು ಎಂದು ಇವನು ಸರ್ ಅನ್ನಿಸಿಕೊಂಡ. ಬೈಗುಳ ಮಾತ್ರ ಅಪ್ಪನ ಕಾಲದ್ದು. ಒಂದನ್ನೂ ವ್ಯರ್ಥ ಮಾಡದೆ ಮರುಬಳಕೆ ಮಾಡುತ್ತಿದ್ದ.

ಹೋದ ಮಳೆಗಾಲದಲ್ಲಿ ಡೇರೆಗಳು ತೇಲಿದವು. ಅತಿಥಿಗಳ ಕಮೋಡಿನ ಪೈಪು ಸೀದಾ ನೀರಿಗೇ ಬಿಟ್ಟಿದ್ದರಿಂದ, ಈಜಲು ಇಳಿದವರು ಮೂಗು ಮುಚ್ಚಿಕೊಂಡು ಮೇಲೆ ಬಂದು ಮೊಬೈಲಿನಲ್ಲಿ ಊರಿಗೆಲ್ಲ ಡಂಗುರ ಹೊಡೆದರು. ಬುಕಿಂಗ್ ಬಿದ್ದಿತು. ಆಗ ಉಲ್ಲಾಸನಿಗೆ ಪರಿಸರದ ಮೇಲೆ ಪ್ರೀತಿ ಹುಟ್ಟಿತು. ಯಾವುದೋ ಸಂಸ್ಥೆ ಪರೀಕ್ಷೆ ಮಾಡಿ ಹಸಿರೆಲೆಯ ಗುರುತು ಕೊಡುತ್ತದಂತೆ, ಮೂರು ಎಲೆ ಬಿದ್ದರೆ ಮಳೆ ಬರಲಿ ಹೊಳೆ ಬರಲಿ ಹನ್ನೆರಡು ತಿಂಗಳೂ ವಿದೇಶದಿಂದ ಜನ ಬರುತ್ತಾರಂತೆ. ಅದಕ್ಕೇ ಬಿದಿರಿನಲ್ಲಿ ಎರಡು ಒಣ ಪಾಯಖಾನೆ ಕಟ್ಟಿಸಿದ. ನೀರು ಬೇಡ, ಮೇಲೊಂದು ಹಿಡಿ ಬೂದಿ ಸಾಕು, ಆರು ತಿಂಗಳಿಗೆ ಗೊಬ್ಬರ. ಒಂದಕ್ಕೆ ಭೂಮಿ ಎಂದು ಹೆಸರಿಟ್ಟ, ಇನ್ನೊಂದಕ್ಕೆ ಆಕಾಶ. ಎಂಟು ತಿಂಗಳಾದರೂ ಭೂಮಿಯಲ್ಲಾಗಲಿ ಆಕಾಶದಲ್ಲಾಗಲಿ ಯಾರೂ ಕುಳಿತಿರಲಿಲ್ಲ. ಅತಿಥಿಗಳಿಗೆ ಕಮೋಡೇ ಇಷ್ಟ. ಆಳುಗಳಿಗೆ ಮೂರೂ ನಿಷಿದ್ಧ.

ಆಳು ಹೆಂಗಸರು ಐವರು. ರಸೂಲನ ದೋಣಿ ಬೆಳಿಗ್ಗೆ ಏಳಕ್ಕೆ ತಂದು ಬಿಟ್ಟರೆ ಮತ್ತೆ ಒಯ್ಯುವುದು ಸಂಜೆ ಆರಕ್ಕೆ. ಮೊದಲು ಗಡ್ಡೆಯ ಹಿಂಬದಿಯಲ್ಲಿ ಮರೆಗೆ ಗಿಡಗಂಟಿಗಳಿದ್ದವು. ಸೂರ್ಯಾಸ್ತಕ್ಕೆ ಅಡ್ಡ ಎಂದು ಉಲ್ಲಾಸ ಅವನ್ನು ಸವರಿಸಿದ ಮೇಲೆ ಗಡ್ಡೆ ಊಟದ ತಟ್ಟೆಯ ಹಾಗೆ ಬೋಳಾಯಿತು. ಸುತ್ತಲೂ ಕಣ್ಣು ಹಾಯುವಷ್ಟು ನೀರು, ನಡುವೆ ನೀರು ಕುಡಿಯದ ಐದು ಹೆಂಗಸರು.

ಸುಬ್ಬಿಗೆ ಉರಿಮೂತ್ರ ಶುರುವಾಗಿ ಎರಡು ತಿಂಗಳು. ರಕ್ತ ಕಂಡ ದಿನ ಆಸ್ಪತ್ರೆಗೆ ಹೋದಳು. ದಿನಕ್ಕೆ ಮೂರು ಲೀಟರ್ ನೀರು ಕುಡಿ, ಕಟ್ಟಿಕೊಂಡು ಕೂತರೆ ಮೂತ್ರಪಿಂಡವೇ ಹೋಗುತ್ತದೆ, ಇಲ್ಲದಿದ್ದರೆ ಆ ಕೆಲಸ ಬಿಡು ಎಂದರು ಡಾಕ್ಟರು. ಹಿನ್ನೀರಿನಲ್ಲಿ ಮುಳುಗಿದ ಅವಳ ಗದ್ದೆಯನ್ನು ಅವರು ಚೀಟಿಯಲ್ಲಿ ಬರೆದು ಕೊಡಲಿಲ್ಲ. ಮಧ್ಯಾಹ್ನ ಒಂದು ಸಲ ದೋಣಿ ಬಿಡಿಸಿ ಎಂದು ಕೇಳಿದ್ದಕ್ಕೆ ಉಲ್ಲಾಸ, ನಿನ್ನ ಉಚ್ಚೆಗೋಸ್ಕರ ಡೀಸೆಲ್ ಹೊಗೆ ಎಬ್ಬಿಸಿ ಭೂಮಿ ಬಿಸಿ ಮಾಡಲೇನೇ ಎಂದು ನಕ್ಕಿದ್ದ.

ಪರೀಕ್ಷೆಯ ದಿನ ಇನ್ನೊಂದು ಸಂಕಟ. ಮೇಡಂಗೆ ಗೊಬ್ಬರ ತೋರಿಸಬೇಕು, ಗುಂಡಿಯೋ ತೋಡಿಟ್ಟ ಹಾಗೇ ಖಾಲಿ. ಸುಬ್ಬಿಯ ಕೊಟ್ಟಿಗೆಯಿಂದ ಎರಡು ಚೀಲ ಗೊಬ್ಬರ ತರಲು ಅಪ್ಪಣೆಯಾಗಿತ್ತು. ಏಳರ ದೋಣಿಯಲ್ಲೇ ಹೊತ್ತು ತಂದು ಸುರಿದ ಮೇಲೆ ಬಾಯಾರಿಕೆ ತಡೆಯಲಾರದೆ ಅವಳು ಒಂದು ಚೊಂಬು ನೀರು ಕುಡಿದುಬಿಟ್ಟಳು.

ಪ್ರತಿಭಾ ಮೇಡಂ ಬಂದಾಗ ಹನ್ನೊಂದೂವರೆ. ಒಳ್ಳೆಯ ಹೆಂಗಸು, ಇಳಿಯಲು ಕೈಕೊಟ್ಟ ರಸೂಲನಿಗೂ ಥ್ಯಾಂಕ್ಸ್ ಹೇಳಿದರು. ಕಿರವತ್ತಿ ಊರಿನ, ಅಡುಗೆಯ ನೀಲಗಂಗವ್ವ ಆರತಿ ಎತ್ತಿದಳು. ಸುಬ್ಬಿ ಕಾಲಿಗೆ ಕಾಲು ಹೆಣೆದುಕೊಂಡು ಪಾನಕದ ಹರಿವಾಣ ಹಿಡಿದು ನಿಂತಳು. ಮೇಡಂ ಗೊಬ್ಬರದ ಗುಂಡಿಗೆ ಬಗ್ಗಿ, ಒಂದು ಹಿಡಿ ಎತ್ತಿ ಮೂಸಿ, ಸ್ವಲ್ಪವೂ ನಾತವಿಲ್ಲ ಎಂದು ಬೆರಗಾದರು. ಇಷ್ಟು ಹುಲ್ಲುಕಡ್ಡಿ ಯಾಕಿದೆ ಎಂದರು.

"ನಮ್ಮ ಅಡುಗೇಲಿ ನಾರಿನಂಶ ಜಾಸ್ತಿ, ಮೇಡಂ," ಅಂದ ಉಲ್ಲಾಸ.

ನೀಲಗಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೇಡಂ ಮೊಬೈಲಿನಲ್ಲಿ ಏನೋ ಒತ್ತಿ ಮುಂದಿನ ಪ್ರಶ್ನೆ ಓದಿದರು. ಕೆಲಸದವರೂ ಇದನ್ನೇ ಬಳಸುತ್ತಾರೆಯೆ?

"ಇಲ್ಲಿ ಮೇಲು ಕೀಳು ಇಲ್ಲ ಮೇಡಂ. ಅವಳನ್ನೇ ಕೇಳಿ. ಹೇಳಮ್ಮಾ ಸುಬ್ಬಿ."

ಅಮ್ಮಾ ಎಂಬುದು ತನಗೇ ಎಂದು ತಿಳಿಯಲು ಸುಬ್ಬಿಗೆ ಕ್ಷಣ ಹಿಡಿಯಿತು. ಹರಿವಾಣವನ್ನು ಕಟ್ಟೆಯ ಮೇಲಿಟ್ಟಳು.

"ಹೇಳುದೆಂತಕ್ಕೆ ಸರ್. ಹೋಗೇ ತೋರಿಸ್ತೆ."

ಭೂಮಿಯ ಬಾಗಿಲು ತೆಗೆದು ಒಳಹೊಕ್ಕು ಅಗಳಿ ಹಾಕಿಕೊಂಡಳು. ಕಥೆಗಳಲ್ಲಿ ಏಳನೆಯ ಕೋಣೆಯ ಬಾಗಿಲು ಮಾತ್ರ ತೆರೆಯಬೇಡ ಎನ್ನುತ್ತಾರೆ. ತೆರೆದವರಿಗೆ ಅಲ್ಲಿ ರಾಕ್ಷಸನ ಪ್ರಾಣ ಸಿಗುತ್ತದೆ. ಸುಬ್ಬಿಗೆ ಸಿಕ್ಕಿದ್ದು ಒಂದು ತೂತು ಮತ್ತು ಹೂವಿನ ಸೆಂಟು. ಕುಳಿತಳು. ಕೆಂಡ ಇಳಿದ ಹಾಗೆ ಉರಿಯಿತು, ಕಣ್ಣಲ್ಲಿ ನೀರು ಬಂತು, ಆದರೂ ಬಿಟ್ಟಳು. ಬಿದಿರಿನ ತಟ್ಟಿ ತೆಳುವಾದ್ದರಿಂದ ಹೊರಗಿನವರಿಗೂ ಎಲ್ಲ ಕೇಳಿಸಿತು. ಮೇಡಂ ಮೊಬೈಲು ನೋಡಿದರು. ಉಲ್ಲಾಸ ದನಿಯೆತ್ತಿ ಸೋಲಾರಿನ ವಿಷಯ ಶುರುಮಾಡಿದ. ಸೋಲಾರು ಮುಗಿದು ಮಳೆಕೊಯ್ಲಿಗೆ ಬಂದರೂ ಒಳಗಿನ ಸದ್ದು ನಿಲ್ಲಲಿಲ್ಲ.

ಕೊನೆಗೆ ಅವನು ತಟ್ಟಿಗೆ ಬಾಯಿ ಹಚ್ಚಿ, ಹಲ್ಲು ಕಚ್ಚಿ, "ಸಾಕು, ಹೊರಗೆ ಬಾರೆ ಬೋಸುಡಿ. ನಾಳೆಯಿಂದ ದೋಣಿ ಹತ್ತಬೇಡ," ಅಂದ.

"ಇವತ್ತು ಹತ್ತಿ ಬಂದಿದ್ನಲ್ಲ ಸರ್. ತಡೀರಿ, ಇನ್ನೂ ಆಗ್ಲಿಲ್ಲ."

ಮೇಡಂ ತಲೆಯೆತ್ತಿದರು. ನೀಲಗಂಗವ್ವ ಆರತಿಯ ತಟ್ಟೆಯನ್ನು ಉಲ್ಲಾಸನ ಕೈಗೇ ಕೊಟ್ಟು ಆಕಾಶದ ಕಡೆ ನಡೆದಳು.

"ನಂದೂ ಸಾಕ್ಷಿ ಬರಕೋರಿ ಅಕ್ಕಾರ," ಎಂದು ಮೇಡಂಗೆ ಹೇಳಿ ಬಾಗಿಲು ಹಾಕಿಕೊಂಡಳು. ಉಳಿದ ಮೂವರು ಪೊರಕೆ ಕೆಳಗಿಟ್ಟು ಬಂದು ಸಾಲಾಗಿ ನಿಂತರು. ಉಲ್ಲಾಸ ದೀಪ ಆರದಂತೆ ತಟ್ಟೆ ಹಿಡಿದೇ ಇದ್ದ.

ಸುಬ್ಬಿ ಹೊರಬಂದಳು. ಯಾರ ಮುಖವನ್ನೂ ನೋಡದೆ ಕಟ್ಟೆಯ ಬಳಿ ಹೋಗಿ ಒಂದು ಲೋಟ ಪಾನಕ ಎತ್ತಿ ಕುಡಿದಳು. ಇನ್ನೊಂದು ಕುಡಿದಳು. ಮೂರನೆಯದನ್ನು ಉಲ್ಲಾಸನನ್ನೇ ನೋಡುತ್ತ ನಿಧಾನಕ್ಕೆ ಕುಡಿದು, ಬಾಯಿ ಒರೆಸಿಕೊಂಡು, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತಳು.