ಆಯೇರಿಯ ಕೌದಿ

ಹಾರ್ಮೋನಿಯಂ ಅರ್ಧಕ್ಕೇ ನಿಂತಿತು. ನಾಟಕ ಕಂಪನಿಯ ಮ್ಯಾನೇಜರ್ ಖಂಡಪ್ಪ ಕೌದಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ರಂಗದ ಮೇಲೆ ಬಂದಾಗ, ಹೆಂಗಸರ ಕಡೆ ಚಾಪೆಯ ಮೇಲೆ ಕೂತಿದ್ದ ಸುಮಿತ್ರಾಬಾಯಿ ಪಕ್ಕದ ನಿಂಬೆವ್ವನ ಮೊಣಕೈ ಹಿಡಿದಳು.

"ಪ್ರೇಕ್ಷಕ ಮಹಾಶಯರೇ," ಖಂಡಪ್ಪ ಮೈಕಿಗೆ ಬಾಯಿ ಹಚ್ಚಿದ. "ನಮ್ಮ ತುಳಜಾಬಾಯಿಯವರ ಪಾರ್ಟು ಮೆಚ್ಚಿ, ಸರಸಂಬಾದ ಶ್ರೀಮಾನ್ ದೌಲತರಾಯ ಪಾಟೀಲರು ಒಂದು ಕೌದಿ ಆಯೇರಿ ಮಾಡ್ಯಾರ!"

ದೌಲತರಾಯ ಸುಮಿತ್ರಾಬಾಯಿಯ ಗಂಡ. ಆ ಕೌದಿಯಲ್ಲಿ ಅವನದೊಂದು ಹೊಲಿಗೆಯೂ ಇರಲಿಲ್ಲ.

ಗಂಡಸರ ಕಡೆಯಿಂದ ಸೀಟಿ ಬಿತ್ತು. "ಪಾಟೀಲ್ರ, ಕೌದಿ ಕೊಟ್ಟು ಸುಮ್ಮನ ಕುಂತ್ರ ಹ್ಯಾಂಗ್ರಿ? ಹೊಚ್ಚಾಕ ಯಾವಾಗ ಬರ್ತೀರಿ?" ಎಂದು ಒಬ್ಬ ಕೂಗಿದ. ತಗಡಿನ ಥೇಟರೆಲ್ಲ ನಕ್ಕಿತು. ಮುಂದಿನ ಕುರ್ಚಿಯಲ್ಲಿದ್ದ ದೌಲತರಾಯ ಎದ್ದು ನಿಂತ. ಬೆಳಿಗ್ಗೆ ಜೀಪು ಹತ್ತುವಾಗ, "ಬಣ್ಣ ಹಚಗೊಂಡಾಕಿನ್ನ ನೋಡಾಕ ಆಳಂದತನಕ ಡೀಸೆಲ್ ಸುಡಬೇಕೇನು?" ಎಂದು ಗೊಣಗಿದವನು ಇವನೇ. ಈಗ ಟೋಪಿ ಸರಿಮಾಡಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಮುಗಿದ. ನಂದಲ್ಲ ಎನ್ನಲಿಲ್ಲ. ಪುಕ್ಕಟೆ ಬಂದ ಚಪ್ಪಾಳೆಯನ್ನು ಬಿಡುವ ಆಸಾಮಿಯಲ್ಲ ಅವನು.

ತುಳಜಾಬಾಯಿ ಕೌದಿಯನ್ನು ಹಣೆಗೆ ಮುಟ್ಟಿಸಿಕೊಂಡಳು. ಮುಖದಲ್ಲಿ ನಗೆಯಿತ್ತು, ಬಣ್ಣದ ಜೊತೆಗೇ ಹಚ್ಚಿಕೊಂಡ ನಗೆ. ಕೈಯೊಳಗೆ ಏನಿದೆ ಎಂದು ಅವಳು ನೋಡಲೂ ಇಲ್ಲ.

ಸುಮಿತ್ರಾಬಾಯಿಗೆ ತಡೆಯದಾದದ್ದು ಅದು. ಚಳಿಗಾಲ ಶುರುವಾದಾಗ ಕಂಪನಿ ಆಳಂದಕ್ಕೆ ಬಂದಿತ್ತು. ಈ ನಾಟಕದಲ್ಲಿ ತುಳಜಾಬಾಯಿ ಹಿರಿಯ ಸೊಸೆ. ಆಸ್ತಿ ಪಾಲು ಮಾಡಿ ಅವಳನ್ನು ಹೊರಗೆ ಹಾಕುವ ದಿನ, ಪಂಚರ ಮುಂದೆ ತಲೆಯ ಸೆರಗು ತೆಗೆದು ಕೇಳುತ್ತಾಳೆ: "ಈ ಗ್ವಾಡಿಗೆ ನಾ ವರ್ಷಾ ಸುಣ್ಣಾ ಬಳದೀನಿ. ಆ ಸುಣ್ಣಾ ಕೆತ್ತಿ ಕೊಡ್ರಿ, ಹೋಗ್ತೇನಿ." ಮೊದಲ ಸಲ ಆ ಮಾತು ಕೇಳಿದಾಗ ಸುಮಿತ್ರಾಬಾಯಿಯ ಮೈಮೇಲೆ ಮುಳ್ಳೆದ್ದಿದ್ದವು. ಆಮೇಲೆ ಆ ಮಾತು ಅವಳ ಮನೆಗೇ ಬಂದು ಕೂತಿತು. ರೊಟ್ಟಿ ಬಡಿಯುವಾಗ ಅದೇ ಮಾತು, ಎಮ್ಮೆ ಹಿಂಡುವಾಗ ಅದೇ. ಸೊಸೆ ಮುಸಿಮುಸಿ ನಕ್ಕರೆ, "ನೀನೂ ಕಲಿ, ಉಪಯೋಗಕ್ಕ ಬರ್ತದ" ಎನ್ನುತ್ತಿದ್ದಳು. ಕಂಪನಿಯ ಹೆಣ್ಣುಮಕ್ಕಳು ಥೇಟರಿನ ಹಿಂದೆ ಗೋಣಿತಟ್ಟು ಹಾಸಿ ಮಲಗುತ್ತಾರೆಂದು ನಿಂಬೆವ್ವ ಹೇಳಿದ ದಿನವೇ ಸುಮಿತ್ರಾಬಾಯಿ ಹಳೆಯ ಸೀರೆಗಳನ್ನು ಹೊರಗೆ ತೆಗೆದು ಕೌದಿ ಹೊಲಿಯಲು ಕೂತಿದ್ದಳು. ನಡುವಿನ ಚೌಕಕ್ಕೆ ಸತ್ತ ಅವ್ವನ ಹಸಿರು ಸೀರೆ ಹಾಕಿದ್ದಳು. ಅದನ್ನು ಮಗಳಿಗೂ ಕೊಟ್ಟಿರಲಿಲ್ಲ.

ಇವತ್ತು ಮಧ್ಯಾಹ್ನದ ಆಟ ಶುರುವಾಗುವ ಮೊದಲು ನಿಂಬೆವ್ವನ ಕೈಯಲ್ಲಿ ಕೌದಿ ಕಳಿಸಿ, ಸರಸಂಬಾದ ಸುಮಿತ್ರಾಬಾಯಿ ಅಂತ ಹೇಳು ಎಂದು ಎರಡೆರಡು ಸಲ ತಾಕೀತು ಮಾಡಿದ್ದಳು.

"ನಾ ನಿನ್ನ ಹೆಸರಽ ಹೇಳೀನಿ ಬೇ," ನಿಂಬೆವ್ವ ಪಿಸುಗುಟ್ಟಿದಳು. "ಯಾರ ಮನಿಯವರು ಅಂತ ಮ್ಯಾನೇಜರ ಕೇಳಿದ. ದೌಲತರಾಯ ಪಾಟೀಲರ ಮನಿಯವರು ಅಂದೆ."

ಸುಮಿತ್ರಾಬಾಯಿ ಎದ್ದು ನಿಂತಳು.

"ಮ್ಯಾನೇಜರ್ರ, ಅದು ನನ್ನ ಕೌದಿ. ನನ್ನ ಹೆಸರು ಕೂಗ್ರಿ."

ನಗೆ ಒಮ್ಮೆಗೇ ನಿಂತಿತು. ಖಂಡಪ್ಪ ಕೈಮುಗಿದ. "ತಾಯಿ, ಯಜಮಾನರ ಹೆಸರು ಕೂಗೋದು ರಿವಾಜು. ಹೆಣ್ಮಕ್ಕಳ ಹೆಸರು ಮೈಕಿನಾಗ ಒದರಿದ್ರ ನಿಮಗಽ ಬೇಇಜ್ಜತಿ ಅಲ್ಲೇನ್ರಿ?"

"ಮತ್ತ ಟಾಂಗಾಕ್ಕ ಮೈಕ್ ಕಟ್ಟಿ ಊರ ತುಂಬ ತುಳಜಾಬಾಯಿ, ತುಳಜಾಬಾಯಿ ಅಂತ ಒದರ್ತೀರಲ್ಲ, ಅಕಿ ಹೆಣ್ಮಗಳಲ್ಲೇನು? ಅಕಿ ಹೆಸರಿಗಿಲ್ಲದ ಬೇಇಜ್ಜತಿ ನನ್ನ ಹೆಸರಿಗೆ ಎಲ್ಲಿಂದ ಬಂತು?"

"ಪಾಟೀಲ್ರ, ಮನಿಯವರನ್ನ ಸಂಬಾಳಸ್ರಿ!" ಹಿಂದಿನಿಂದ ಯಾರೋ ಅಂದರು.

ದೌಲತರಾಯನ ಮುಖ ಕೆಂಪಾಯಿತು. "ಏ, ಕುಂದ್ರ ಬೇ. ನನ್ನ ಹೆಸರು ಬ್ಯಾರೆ, ನಿನ್ನ ಹೆಸರು ಬ್ಯಾರೆ ಅದ ಏನು?"

"ಬ್ಯಾರೆ ಅದ್ರಿ. ನಿಮ್ಮ ಹೆಸರು ಕೂಗಿದ್ರ ಮಂದಿ ಅಕಿಗೆ ನಕ್ಕರು. ನನ್ನ ಹೆಸರು ಕೂಗಿದ್ರ ಯಾರೂ ನಗ್ತಿದ್ದಿಲ್ಲ."

ಖಂಡಪ್ಪ ಹಾರ್ಮೋನಿಯಂ ಮಾಸ್ತರನಿಗೆ ಕಣ್ಣು ಮಾಡಿದ. ನಿಂತಿದ್ದ ಹಾಡು ಮತ್ತೆ ಜೋರಾಗಿ ಶುರುವಾಯಿತು, ಪರದೆ ಬಿತ್ತು. ಹೆಸರು ಕೂಗಲಿಲ್ಲ.

ಸುಮಿತ್ರಾಬಾಯಿ ಚಪ್ಪಲಿ ಮೆಟ್ಟಿ ಹೊರಗೆ ಬಂದು, ಥೇಟರನ್ನು ಸುತ್ತಿ ಹಿಂದಕ್ಕೆ ನಡೆದಳು. "ಎವ್ವಾ, ಅದು ಬಣ್ಣದ ಮನಿ, ಗಂಡಸರು ಇರ್ತಾರ" ಎಂದು ನಿಂಬೆವ್ವ ಬಾಗಿಲಲ್ಲೇ ನಿಂತಳು. ಒಳಗೆ ತುಳಜಾಬಾಯಿ ಟ್ರಂಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಹತ್ತಿರದಿಂದ ನೋಡಿದರೆ ಅವಳಿಗೂ ತನ್ನಷ್ಟೇ ವಯಸ್ಸು. ಕುತ್ತಿಗೆಯ ಬೆವರಿನಲ್ಲಿ ಬಣ್ಣ ಇಳಿದಿತ್ತು. ಕೌದಿ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು.

"ಕೌದಿ ವಾಪಸ್ ಒಯ್ಯಾಕ ಬಂದೀರೇನ್ರಿ?" ತುಳಜಾಬಾಯಿ ಕೇಳಿದಳು. "ಒಯ್ರಿ. ವಾಚಮನ್ನಗ ಕೊಡಾಕಿ ಇದ್ದೆ."

"ವಾಚಮನ್ನಗ?"

"ಗಂಡಸರ ಆಯೇರಿ ನಾ ಇಟ್ಕೊಳ್ಳಂಗಿಲ್ರಿ. ಕೊಟ್ಟವರು ನಾಳಿ ಬಿಡಾರಕ್ಕ ಬಂದು, ನಮ್ಮ ಸೀರಿ ಉಟ್ಟೀರೇನು ಅಂತ ಕೇಳ್ತಾರ." ಅವಳು ಬಟ್ಟಲು ಕೆಳಗಿಟ್ಟಳು. "ಖರೇನ ನೀವಽ ಹೊಲದೀರಿ?"

ಸುಮಿತ್ರಾಬಾಯಿ ಮೂಲೆಗೆ ಹೋದಳು. ಕೌದಿ ಎತ್ತಿ, ಮಣ್ಣು ಝಾಡಿಸಿ, ಅವಳ ಮೊಣಕಾಲ ಮೇಲೆ ಹರಡಿದಳು. ತುಳಜಾಬಾಯಿ ಈಗ ನೋಡಿದಳು. ಹಸಿರು ಚೌಕದ ಮೇಲೆ ಅಂಗೈ ಆಡಿಸಿದಳು. ಬೆರಳು ಅಂಚು ಹಿಡಿದು ಹೋಗಿ ಒಂದು ಕಡೆ ನಿಂತಿತು.

"ಈ ಮೂಲಿ ಯಾಕ ಹೊಲೀದ ಬಿಟ್ಟೀರಿ?"

"ಹೊಚಗೊಳ್ಳೋರು ಕೊಟ್ಟ ರೊಟ್ಟಿಚೂರು ಒಳಗಿಟ್ಟು ಬಾಯಿ ಹೊಲೀಬೇಕು. ಖಾಲಿ ಹೊಟ್ಟಿ ಕೌದಿ ಹೊಚ್ಚಬಾರದು ಅಂತಿದ್ಲು ನಮ್ಮವ್ವ."

ತುಳಜಾಬಾಯಿ ಟ್ರಂಕಿನ ಹಿಂದಿನ ಡಬ್ಬಿ ತೆಗೆದು, ಒಣಗಿದ ಕಟಕ್ ರೊಟ್ಟಿಯ ಒಂದು ತುಂಡು ಮುರಿದು ಕೊಟ್ಟಳು. ಸುಮಿತ್ರಾಬಾಯಿ ದಾರ ಸುತ್ತಿ ಕುಬಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ಬಿಚ್ಚಿದಳು. ಅಷ್ಟರಲ್ಲಿ ಪರದೆಯ ಆಚೆಯಿಂದ ಗಂಟೆ ಹೊಡೆಯಿತು. "ಪಂಚಾಯ್ತಿ ಸೀನು. ಬಂದೆ," ಎಂದು ತುಳಜಾಬಾಯಿ ತಲೆಯ ಮೇಲೆ ಸೆರಗು ಹೊದ್ದು ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿದಳು. "ಹೆಸರು ಏನಂದ್ರಿ?"

"ಸುಮಿತ್ರಾಬಾಯಿ."

ಹೊರಗೆ ದೌಲತರಾಯನ ಜೀಪಿನ ಹಾರ್ನು ಆಯಿತು. ಮತ್ತೊಮ್ಮೆ, ಉದ್ದಕ್ಕೆ. ಪರದೆಯ ಆ ಬದಿಯಲ್ಲಿ ಸುಣ್ಣದ ಮಾತು ಶುರುವಾಗಿತ್ತು. ತಗಡಿನ ತೂತಿನಿಂದ ಬಿಸಿಲು ಹಸಿರು ಚೌಕದ ಮೇಲೆ ಬಿದ್ದಿತ್ತು. ಸುಮಿತ್ರಾಬಾಯಿ ಟ್ರಂಕಿನ ಮೇಲೆ ಕೂತು, ದಾರದ ತುದಿಯನ್ನು ನಾಲಿಗೆಗೆ ಹಚ್ಚಿ, ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದಳು.