ವಸ್ತಾದನ ಕೈಗುಣ

ತೇರಗಾಂವದ ನಮ್ಮ ಗರಡಿಯಲ್ಲಿ ಯಾರ ಕೀಲು ಜಾರಿದರೂ ಎಳೆದು ಕೂರಿಸುವವನು ನಾನೇ, ಚನಬಸಪ್ಪ ವಸ್ತಾದ. ನನಗೆ ಕುಸ್ತಿ ಕಲಿಸಿದ ವಸ್ತಾದರೂ ಹಾಗೇ ಮಾಡುತ್ತಿದ್ದರು. ನನ್ನ ಕೈಗುಣ ದೊಡ್ಡದೆಂದು ಮೀಸೆ ತಿರುವಿಕೊಂಡು ಓಡಾಡಿದವನು ನಾನು. ಆದರೆ ನಮ್ಮೂರ ಜುಜೆಯ ಮಗಳು ಮಾರ್ಗರೀಟಾಳ ಬಲಭುಜ ನಾಲ್ಕನೇ ಸಲ ಜಾರಿದಾಗ ನನ್ನ ಕೈಗೆ ಬಗ್ಗಲೇ ಇಲ್ಲ. ಹತ್ತೊಂಬತ್ತರ ಹುಡುಗಿ, ನಮ್ಮ ಗರಡಿಗೇ ಗಟ್ಟಿಗಿತ್ತಿ, ಹಲ್ಲು ಕಚ್ಚಿ ಅತ್ತಳು. ಜೀಪು ಮಾಡಿಕೊಂಡು ಧಾರವಾಡದ ಎಲುಬು-ಕೀಲಿನ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಭುಜ ಕೂರಿಸಿ, ಸ್ಕ್ಯಾನ್ ಮಾಡಿಸಿ, ಡಾಕ್ಟರ್ ನಿರ್ಮಲಾ ಕೇಳಿದರು, "ಇದು ಎಷ್ಟನೇ ಸಲ ಜಾರಿದ್ದು?"

"ಮೊದಲನೇ ಸಲ್ರಿ," ಎಂದಳು ಮಾರ್ಗರೀಟಾ, ನನ್ನ ಕಡೆ ನೋಡದೆ.

"ಖರೇ ಹೇಳವ್ವಾ. ಮೊದಲನೇ ಸಲ ಅಂದ್ರ ಪಟ್ಟಿ ಕಟ್ಟಿ ಕಳಸ್ತೇನಿ. ಮತ್ತ ಮತ್ತ ಜಾರಿದ್ರ ಆಪರೇಶನ್ ಬೇಕು. ಇಲ್ಲಂದ್ರ ಕುಸ್ತಿ ಮರ್ತಬಿಡು."

ಆಗಲೂ ಹುಡುಗಿ ಬಾಯಿ ಬಿಡಲಿಲ್ಲ. ನನ್ನ ಮಾನ ಉಳಿಸಲು ಈ ಪೋರಿ ಕುಸ್ತಿಯನ್ನೇ ಬಿಡಲು ಹೊರಟಿದ್ದಳು! ನನ್ನ ಮೇಲೆ ನನಗೇ ಎಲ್ಲಿಲ್ಲದ ಸಿಟ್ಟು ಬಂತು.

"ನಾಕನೇ ಸಲ್ರೀ ಡಾಕ್ಟರ," ಎಂದೆ. "ಮೂರು ಸಲ ನಾನ ಎಳದು ಕೂಡ್ಸೇನಿ. ಬೈಯೂದಿದ್ರ ನನಗ ಬೈರಿ."

ಬೈದರು. ಹೊಟ್ಟೆ ತುಂಬ ಬೈದರು. ಅರವತ್ತೆರಡರ ನಾನು ಕೈಕಟ್ಟಿ ನಿಂತು ಕೇಳಿಸಿಕೊಂಡೆ.

"ಯಾಕ ಸುಳ್ಳ ಹೇಳಿದಿ, ಹುಚ್ಚಿ?" ಎಂದು ಹೊರಗೆ ಬಂದಮೇಲೆ ಗದರಿದೆ.

"ಮಂದಿ ಮುಂದ ನಿಮ್ಮ ಹೆಸರ ಕೆಡ್ತಿತ್ರಿ."

ನಾನು ತಿರುಗಿ ಒಳಗೆ ಹೋಗಿ ಆಪರೇಶನ್ನಿಗೆ ದಿನ ಗೊತ್ತುಮಾಡಿಸಿ ಬಂದೆ.

ಸಣ್ಣ ತೂತು ಮಾಡಿ, ಭುಜದೊಳಗೆ ಹರಿದದ್ದನ್ನು ಹೊಲಿದರು. ಏಳು ತಿಂಗಳು ಕುಸ್ತಿ ಬಂದ್. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮವಷ್ಟೇ. ಕೊನೆಗೊಂದು ದಿನ ಡಾಕ್ಟರ್ ಇನ್ನು ಆಡಬಹುದು ಎಂದರು. ಮರುದಿನವೇ ಗರಡಿಯ ಮಣ್ಣು ಹದ ಮಾಡಿಸಿ, ಜೋಡಿಗೆ ಗರಡಿಯ ಇನ್ನೊಬ್ಬ ಹುಡುಗಿ ಸುಮಿತಾಳನ್ನು ಇಳಿಸಿದೆ. ಮಾರ್ಗರೀಟಾ ಬಲಗೈ ಹಾಕಿ ಅವಳ ಸೊಂಟ ಹಿಡಿದಳು. ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟೆ.

ಧೊಪ್ಪೆಂದು ಸದ್ದಾಯಿತು. ಕಣ್ಣು ತೆರೆದರೆ ಸುಮಿತಾ ಮಣ್ಣಲ್ಲಿ ಅಂಗಾತ ಬಿದ್ದು ನಗುತ್ತಿದ್ದಳು. ಮಾರ್ಗರೀಟಾ ಎರಡೂ ಕೈ ಮೇಲೆತ್ತಿ ನಿಂತಿದ್ದಳು.

"ನೋಡಿದ್ರಿಲ್ರಿ, ವಸ್ತಾದ್ರ?"

"ಇಲ್ಲವ್ವಾ, ಅಂಜಿ ಕಣ್ಣ ಮುಚ್ಚಿದ್ನಿ. ಇನ್ನೊಮ್ಮಿ ಎತ್ತಿ ಒಗಿ."

"ಅಯ್ಯ, ನನ್ನೂ ಒಂದ್ ಮಾತ್ ಕೇಳ್ರಿ!" ಎಂದು ಸುಮಿತಾ ಕೂಗಿದಳು. ಯಾರೂ ಕೇಳಲಿಲ್ಲ.

ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತೆ. ಆದರೆ ಹಾಳಾದ ಕಣ್ಣೀರು ತುಂಬಿಕೊಂಡು ಆಗಲೂ ಏನೂ ಕಾಣಲಿಲ್ಲ.