ಬೇಡ ಅನ್ನೋರು ಕೈ ಎತ್ತಿ

"ಏ ಮುದುಕಿ, ನಿನ್ನ ಕೆಮ್ಮಿಗೂ ಸಂಬಳ ಕೊಡ್ಬೇಕೇನೇ?"

ಮೇಸ್ತ್ರಿ ಹಾಗೆ ಕೂಗಿದಾಗ ಚಿಕ್ಕಮ್ಮ ಹಿಂಬಾಗಿಲಲ್ಲಿ ಎದೆ ಹಿಡಿದು ಬಗ್ಗಿದ್ದಳು. ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಗಳ ಹಬೆ ಹೊರಹೋಗಲು ಇದ್ದದ್ದು ಆ ಒಂದೇ ದಾರಿ. ಅಲ್ಲಿ ನಾಲ್ಕು ಉಸಿರು ಎಳೆದುಕೊಂಡರೆ ಅವಳು ಮತ್ತೆ ಕೆಲಸಕ್ಕೆ ಬರುತ್ತಿದ್ದಳು. ಅಮ್ಮ ಸತ್ತ ಮೇಲೆ ನನ್ನನ್ನೂ ತಮ್ಮನನ್ನೂ ಸಾಕಿದವಳು ಅವಳೇ.

"ಗಾಳಿ ಏನು ನಿಮ್ಮಪ್ಪಂದಾ?" ಅಂದೆ.

"ಬಾಯಿ ಮುಚ್ಚೇ ಹಡಬೆ. ಬಾಗಿಲು ತೆಗೆದಿಟ್ರೆ ತೊಟ್ಟಿ ಆರುತ್ತೆ."

ಆ ಬಾಗಿಲಿಗೆ ಬೀಗ ಜಡಿಯಲು ಅವನಿಗೆ ಬಲು ಆಸೆ. ಕಾನೂನು ಅಡ್ಡ ಇತ್ತು: ಕೆಲಸಗಾರರು ಬಹುಮತದಿಂದ ಒಪ್ಪದೆ ಮುಚ್ಚುವ ಹಾಗಿಲ್ಲ. ನಮಗೆ ಧೈರ್ಯ. ಮತ ಕೇಳಬೇಕಾದ ನಮ್ಮ ಪ್ರತಿನಿಧಿ ನನ್ನ ತಮ್ಮನೇ. ಓಟು ಹಾಕಿ ಗೆಲ್ಲಿಸಿ, ಹೆಗಲ ಮೇಲೆ ಹೊತ್ತು ಕುಣಿದಿದ್ದೆವು.

ಆವತ್ತು ಬಟ್ಟೆಯನ್ನು ಎರಡನೇ ಸಲ ಅದ್ದಿದ್ದೆವು. ಆಗ ಎದುರುಬದುರು ನಿಂತು ಅಂಚು ಬಿಗಿಯಾಗಿ ಹಿಡಿದಿರಬೇಕು. ಬಿಟ್ಟರೆ ಮಡಿಕೆ ಬಿದ್ದು ಪಟ್ಟೆ ಮೂಡಿ ಬಟ್ಟೆಯ ಇಡೀ ಥಾನು ಹಾಳು. ಅದೇ ಹೊತ್ತಿಗೆ ತಮ್ಮ ಬಂದ, ಹಿಂದೆ ಮೇಸ್ತ್ರಿ.

"ಬಾಗಿಲು ಮುಚ್ಚೋದು ಬೇಡ ಅನ್ನೋರು ಕೈ ಎತ್ತಿ," ಅಂದ ತಮ್ಮ, ಗೋಡೆ ನೋಡುತ್ತಾ.

"ತಡಿಯೋ, ಬಟ್ಟೆ ಇಳಿಸ್ತೀವಿ!"

"ಈಗ ಎತ್ಬೇಕು ಅಕ್ಕಾ."

ಬೇಡ, ಬೇಡ ಎಂದು ಎಲ್ಲರೂ ಕಿರುಚಿದೆವು. ಕೈಗಳು ಮಾತ್ರ ಏಳಲಿಲ್ಲ. ಒಂದು ಥಾನನ್ನೂ ಕೆಡಿಸಿ ಗೊತ್ತಿಲ್ಲದ ಕೈಗಳು, ನಮ್ಮ ಮಾತನ್ನೇ ಕೇಳಲಿಲ್ಲ.

"ಬಾಯಿ ಲೆಕ್ಕಕ್ಕಿಲ್ಲ," ಮೇಸ್ತ್ರಿ ನಕ್ಕ. "ಕೈ ಎತ್ತದೋರೆಲ್ಲ ಒಪ್ಪಿದ ಹಾಗೆ. ಸರ್ವಾನುಮತ!"

ಆವತ್ತೇ ಹಿಂಬಾಗಿಲಿಗೆ ಬೀಗ ಬಿತ್ತು. ದೂರು ಕೊಟ್ಟೆವು. ಕಾರ್ಮಿಕ ಅಧಿಕಾರಿ ಫ್ಯಾನಿನ ಕೆಳಗೆ ಕುರ್ಚಿಗೆ ಒರಗಿ ಮೆತ್ತಗೆ ಹೇಳಿದ: "ನೋಡಮ್ಮ, ನೀವೇ ಮಾಡಿದ ತೀರ್ಮಾನ. ನಾನು ಬಂದು ಮುರಿದ್ರೆ ಪ್ರಜಾಪ್ರಭುತ್ವಕ್ಕೆ ಏನು ಬೆಲೆ?"

"ನಮ್ಮ ಕೈ ಬಟ್ಟೇಲಿತ್ತು ಸ್ವಾಮಿ."

"ಬಿಡಬಹುದಿತ್ತಲ್ಲ?"

ಸಂಜೆ ತಮ್ಮ ಊಟಕ್ಕೆ ಕೂತಿದ್ದಾಗ ಕೇಳಿದೆ. "ಎರಡನೇ ಅದ್ದು ಯಾವಾಗ ಅಂತ ಆ ಮೇಸ್ತ್ರಿಗೆ ಎಲ್ಲಿ ಗೊತ್ತು? ಅವನು ತೊಟ್ಟಿ ಮುಟ್ಟಿದೋನೇ ಅಲ್ಲ. ನನ್ನ ಎದುರು ಅಂಚು ಹಿಡಿದು ಬೆಳೆದೋನು ನೀನು."

ಅವನು ಅನ್ನ ಕಲಸುತ್ತಲೇ ಇದ್ದ. "ನನಗೂ ಮೇಸ್ತ್ರಿ ಕೆಲಸ ಕೊಡಿಸ್ತೀನಿ ಅಂದಿದಾರೆ ಅವರು, ಅಕ್ಕಾ. ಕೊಟ್ಮೇಲೆ ಬಾಗಿಲು ನಾನೇ ತೆಗೆಸ್ತೀನಿ."

ಚಿಕ್ಕಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಬಯ್ಯಲು ಅವಳಿಗೆ ಉಸಿರಿರಲಿಲ್ಲ.

ಮರುದಿನವೇ ತೊಟ್ಟಿಯ ಪಕ್ಕ ಕುಸಿದಳು. ತುಟಿ ನೀಲಿಗಟ್ಟಿತ್ತು. ಮುಂಬಾಗಿಲು ದೂರ; ಹೆಂಗಸರು ಅವಳನ್ನು ಹಿಂಬಾಗಿಲಿಗೆ ಎಳೆದು ತಂದರು. ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ಬೀಗದ ಕೈ ಕೊಡೋ!"

"ಮೇಸ್ತ್ರಿ ಹತ್ರ ಇದೆ. ಬರ್ತಾರೆ, ತಡಿ. ಮುರಿದ್ರೆ ಕೇಸ್ ಆಗುತ್ತೆ ಅಕ್ಕಾ, ಕಾನೂನು..."

ತೊಟ್ಟಿಯ ಒಲೆ ಕೆದಕುವ ಸಲಾಕೆ ಕೈಗೆ ಸಿಕ್ಕಿತು.

"ಪಕ್ಕಕ್ಕೆ ಹೋಗು."

ಹೋಗಲಿಲ್ಲ. ಬೀಗ ಅವನ ಸೊಂಟಕ್ಕೆ ತಾಗಿಕೊಂಡೇ ಇತ್ತು. ನಾನು ಗುರಿ ನೋಡಿ ಹೊಡೆಯುವಷ್ಟು ಹೊತ್ತು ಚಿಕ್ಕಮ್ಮನಿಗೆ ಉಳಿದಿರಲಿಲ್ಲ.

ಎತ್ತಿ ಹೊಡೆದೆ.